ಹೆಬ್ಬೆರಳಿನ ಲೆಕ್ಕ

ಮೊದಲು ಗಾಳಿ ಬಿಡು, ಎಂದಳು ಮೊಮ್ಮಗಳು.
ಹದಿಮೂರು ಅವಳಿಗೆ. ನನಗೆ ಅರವತ್ತೆಂಟು.
ಈ ಊರಲ್ಲಿ ಇಲ್ಲಿಯತನಕ
ಯಾರೂ ನನ್ನ ಗಾಳಿ ತೆಗೆದವರಿಲ್ಲ.

ಕಸ್ಕೊಕ್ವಿಮ್ ನದಿಯ ಹೆಪ್ಪಿನ ಮೇಲೆ
ಮಂಡಿಯೂರಿ ಕೂತಿದ್ದೆ ಚಕ್ರದ ಮುಂದೆ.
ಟೈರೋ ಅದು, ಸೀಲ್ ಮರಿಯೋ!
ಊರು ಬಿಟ್ಟ ಮೇಷ್ಟ್ರು ಬಿಟ್ಟುಹೋದ ಸೈಕಲ್ಲು.
ನನ್ನ ಹಿಮಬಂಡಿಯ ಬೆಲ್ಟು ಡಿಸೆಂಬರಿನಲ್ಲೇ ಹರಿದಿತ್ತು,
ಪೆಟ್ರೋಲಿನ ಬೆಲೆ ಕೇಳಿ
ಅದನ್ನು ಹೊಲಿಸುವ ಮನಸ್ಸೂ ಹರಿದಿತ್ತು.
ಹಿಮದ ಕೆಳಗಿನ ಬಲೆಗೆ ಮಾತ್ರ ಇದೊಂದೂ ತಿಳಿಯದು,
ಮೀನು ಬಿದ್ದು ಕಾಯುತ್ತಿತ್ತು.

ಅವಳು ಕವಾಟದ ಮೂಗು ಒತ್ತಿದಳು.
ಸುಯ್ಯೆಂದು ಹೊರಟಿತು
ಹೋದ ವಸಂತದಲ್ಲಿ ಮೇಷ್ಟ್ರು ತುಂಬಿದ ಗಾಳಿ.
ಅವರೇ ನಿಟ್ಟುಸಿರಿಟ್ಟಂತೆ.

"ಹೆಬ್ಬೆರಳಲ್ಲಿ ಒತ್ತಿ ನೋಡಜ್ಜ.
ತಗ್ಗಬೇಕು. ಸೋಲಬಾರದು."
ಒತ್ತಿದೆ.
ಮೊಟ್ಟೆ ತುಂಬಿದ ಸಾಲ್ಮನ್ನಿನ ಹೊಟ್ಟೆ!
ಹಾಗೆ ಹೇಳಬಾರದೇ ಮತ್ತೆ,
ಆ ಲೆಕ್ಕ ಈ ಬೆರಳಿಗೆ ಐವತ್ತು ವರ್ಷದಿಂದ ಗೊತ್ತು.

ಏರಿದೆ. ಬಿದ್ದೆ.
ಏರಿದೆ. ಎಡಕ್ಕೆ ಬಿದ್ದೆ.
ಹಿಡಿಕೆ ಬಿಗಿಹಿಡಿದಷ್ಟೂ ಚಕ್ರ ಅಡ್ಡ ಹಾಯುತ್ತದೆ.
ನಾಯಿಗಳಿಗಾದರೂ ಕೂಗಿ ಹೇಳಬಹುದಿತ್ತು,
ಇದಕ್ಕೆ ಕಿವಿಯಿಲ್ಲ, ಸೊಂಟದ ಮಾತಷ್ಟೇ ಕೇಳಿಸುತ್ತದೆ.
ಕಿಟಕಿಯಲ್ಲಿ ಅಗಾಫಿಯಾ ಬಾಯಿಗೆ ಕೈ ಇಟ್ಟಿದ್ದಳು.
ಬಿದ್ದರೂ ಮೀಸೆ ಮಣ್ಣಾಗಲಿಲ್ಲ, ನಿಜ.
ಮಣ್ಣು ನಾಲ್ಕಡಿ ಕೆಳಗಿತ್ತು.
ಮೀಸೆ ಬೆಳ್ಳಗೆ ಸೆಟೆದು, ಮುಟ್ಟಿದರೆ ಮುರಿಯುವಂತಿತ್ತು.

"ಮುಂದಿನ ಬ್ರೇಕು ಮುಟ್ಟಬೇಡ.
ಚಕ್ರ ನೋಡಬೇಡ, ದಾರಿ ನೋಡು.
ನಿನ್ನೆ ಬಂಡಿ ತುಳಿದ ಹಿಮ
ರಾತ್ರಿ ಕಳೆದು ಗಟ್ಟಿಯಾಗಿದೆ, ಅದರ ಮೇಲೇ ಬಾ.
ನೀರಿನ ಬಾಟಲಿ ತಲೆಕೆಳಗೆ ಇಡು.
ಹೊರಡುವಾಗ ಸ್ವಲ್ಪ ಚಳಿಯಾಗಲಿ, ಕೋಟು ಬಿಚ್ಚು.
ಬೆವರಬೇಡ ಅಜ್ಜ."

ಬೆವರಬೇಡ.
ಬೆವರಿದ ನನ್ನಣ್ಣ ಆ ದಂಡೆಯಾಚೆ
ಸ್ಪ್ರೂಸ್ ಮರಕ್ಕೆ ಒರಗಿ
ಸುಧಾರಿಸಿಕೊಳ್ಳಲು ಕೂತವನು
ಕೂತಂತೆಯೇ ಸಿಕ್ಕಿದ್ದ.
ಹೂಂ, ಎಂದೆ. ಕೋಟು ಬಿಚ್ಚಿದೆ.

ಆಮೇಲೆ, ಯಾವಾಗ ಅಂತ ಗೊತ್ತಿಲ್ಲ,
ಬೀಳುವುದು ನಿಂತಿತ್ತು.
ಟೈರಿನಡಿ ಹಿಮ ಕರುಂ ಕರುಂ ಅಗಿಯುವ ಸದ್ದು,
ಅದರಾಚೆ ಏನೂ ಇಲ್ಲ.
ಎಂಜಿನ್ನಿನ ಗದ್ದಲದಲ್ಲಿ ಮೂವತ್ತು ವರ್ಷ
ಈ ನದಿಗೆ ಕಿವುಡನಾಗಿದ್ದೆ.
ಕಾಗೆಯೊಂದು ಮೇಲೆ ಹಾದಾಗ
ಅದರ ರೆಕ್ಕೆ ಕೇಳಿಸಿತು.

ನಸ್ತಾಸಿಯಾ ಬಹಳ ಮುಂದಿದ್ದಳು.
ತೊರೆ ನದಿಗೆ ಸೇರುವ ಕಡೆ
ಹಿಮ ನುಣ್ಣಗೆ, ಹಾಸಿಗೆಯಂತೆ.
ಅಲ್ಲಿಗೇ ತಿರುಗಿಸಿದಳು, ದಾರಿ ಹತ್ತಿರವೆಂದು.
ನಿಲ್ಲು! ಎಂದೆ.
ಮೂವತ್ತು ವರ್ಷದಲ್ಲಿ ಯಾರಿಗೂ
ಅಷ್ಟು ಜೋರಾಗಿ ಕೂಗಿರಲಿಲ್ಲ.

ಚೌಕಟ್ಟಿಗೆ ಕಟ್ಟಿದ್ದ ಕೋಲು ಬಿಚ್ಚಿ
ತಟ್ಟಿ ತೋರಿಸಿದೆ.
ಇಲ್ಲಿ ಟಣ್.
ಇಲ್ಲೂ ಟಣ್.
ಇಲ್ಲಿ, ಕೇಳು, ಬದ್.
ಕೋಲಿನ ತುದಿ ಒಳಗಿಳಿದು
ಕಪ್ಪು ನೀರು ಮೇಲೆ ಬಂದು ನಮ್ಮನ್ನು ನೋಡಿತು.
ಅವಳು ಏನೂ ಹೇಳಲಿಲ್ಲ.
ಸೈಕಲ್ಲು ನೂಕಿಕೊಂಡು ಸುತ್ತು ಹಾಕಿದೆವು.
ಇಳಿದು ನೂಕುವುದೂ ಸವಾರಿಯೇ ಎಂದು
ಮೊದಲ ಪಾಠದಲ್ಲೇ ಅವಳು ಹೇಳಿದ್ದಳಲ್ಲ.

ಬಲೆಯಲ್ಲಿ ಮೂರು ಬರ್ಬಟ್, ಒಂದು ಪೈಕ್.
ಬರುವಾಗ ಅವು ಹಿಂದಿನ ಚಕ್ರದ ಮೇಲೆ
ಸೌದೆಯಂತೆ ಬಡಿದುಕೊಳ್ಳುತ್ತಿದ್ದವು.

ರಾತ್ರಿ ಸೈಕಲ್ಲನ್ನು ಒಲೆಯ ಹತ್ತಿರ ನಿಲ್ಲಿಸಿದೆವು.
ಶಾಖಕ್ಕೆ ಟೈರು ಮತ್ತೆ ಉಬ್ಬಿತು,
ಪಕ್ಕದಲ್ಲಿ ಕೂತ ನಾನೂ.
ಎರಡು ಮೈಲಿ ಐದಾಯಿತು.
ಬಿದ್ದದ್ದು ಒಂದೇ ಸಲ ಆಯಿತು.
ಬೀವರ್ ಚರ್ಮದ ಗವಸು ಹೊಲಿಯುತ್ತಿದ್ದ ಅಗಾಫಿಯಾ
ಎದ್ದು ಬಂದಳು,
ಹೆಬ್ಬೆರಳಲ್ಲಿ
ನನ್ನ ಕೆನ್ನೆ ಒತ್ತಿ ನೋಡಿದಳು.